ಪಟ್ಟಿಯಲ್ಲಿ ಊರಿದೆ, ತಿಂಗಳಿಲ್ಲ

ಶಿರಸಿಯಲ್ಲಿ ಕುಳಿತು ಜನರನ್ನು ಹೊರದೇಶದ ಪ್ರವಾಸಕ್ಕೆ ಕಳುಹಿಸಿಕೊಡುವುದು ನನ್ನ ವೃತ್ತಿ. ಬಂದವರು ತಮ್ಮ ಬಕೆಟ್ ಲಿಸ್ಟನ್ನು, ಅಂದರೆ ಬದುಕಿನಲ್ಲಿ ಒಮ್ಮೆಯಾದರೂ ನೋಡಬೇಕೆಂದಿರುವ ಊರುಗಳ ಪಟ್ಟಿಯನ್ನು, ನನ್ನ ಮೇಜಿನ ಮೇಲಿಡುತ್ತಾರೆ. ಕೆಲವರದು ಮೊಬೈಲಿನಲ್ಲಿ, ಕೆಲವರದು ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ. ಅವನ್ನು ಓದುವುದು ನನಗೆ ಇಂದಿಗೂ ಸಂತೋಷದ ಕೆಲಸ. ಪಾಸ್‌ಪೋರ್ಟ್, ವೀಸಾಗಳ ಬಗ್ಗೆ ಅವರು ವಿಚಾರಿಸಿಕೊಂಡೇ ಬಂದಿರುವುದರಿಂದ ಆ ಮಾತು ಇಲ್ಲಿ ಬೇಡ. ಆದರೆ ಬಹುತೇಕ ಪಟ್ಟಿಗಳಲ್ಲಿ ಊರಿನ ಹೆಸರಿರುತ್ತದೆ, ತಿಂಗಳಿರುವುದಿಲ್ಲ. ಕೇಳಿದರೆ ‘ಅಡಿಕೆ ಕೊನೆಕೊಯ್ಲು ಮುಗಿದ ಮೇಲೆ’ ಎಂದೋ ‘ಮಕ್ಕಳಿಗೆ ರಜೆ ಬಿದ್ದಾಗ’ ಎಂದೋ ಉತ್ತರ ಬರುತ್ತದೆ. ನಾವು ನೋಡಬೇಕೆಂದಿರುವುದು ಆ ಹೊತ್ತಿಗೆ ಅಲ್ಲಿ ಇರುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಸೀಮೆಯ ವಿಷಯದಲ್ಲಿ ಈ ತಪ್ಪನ್ನು ನಾವು ಮಾಡುವುದೇ ಇಲ್ಲ. ಏಪ್ರಿಲಿನಲ್ಲಿ ಜೋಗಕ್ಕೆ ಹೊರಟ ನೆಂಟರಿಗೆ ‘ಈಗ ಬರೀ ಬಂಡೆ, ಶ್ರಾವಣದಲ್ಲಿ ಬನ್ನಿ’ ಎನ್ನುತ್ತೇವೆ. ಆಷಾಢದಲ್ಲಿ ಯಾಣದ ಕಾಡಿಗೆ ಹೋಗುವವರಿಗೆ ಉಂಬಳದ (ಜಿಗಣೆಯ) ಎಚ್ಚರಿಕೆ ಕೊಡುತ್ತೇವೆ. ನಾವೇ ವಿಮಾನ ಹತ್ತುವ ಮಾತು ಬಂದಾಗ ಮಾತ್ರ, ಚಿತ್ರದಲ್ಲಿ ಕಂಡದ್ದು ವರ್ಷವಿಡೀ ಹಾಗೆಯೇ ಇರುತ್ತದೆ ಎಂದು ನಂಬಿಬಿಡುತ್ತೇವೆ.

ಹೆಚ್ಚು ಪಟ್ಟಿಗಳಲ್ಲಿ ಕಾಣುವುದು ನಾರ್ದರ್ನ್ ಲೈಟ್ಸ್, ಅಂದರೆ ಉತ್ತರ ಧ್ರುವಪ್ರಭೆ. ಸೂರ್ಯನಿಂದ ಬರುವ ವಿದ್ಯುದಾವೇಶದ ಕಣಗಳು ಭೂಮಿಯಿಂದ ಸುಮಾರು 100 ಕಿ.ಮೀ. ಹಾಗೂ ಅದಕ್ಕೂ ಎತ್ತರದಲ್ಲಿ ಗಾಳಿಯ ಅಣುಗಳಿಗೆ ಬಡಿದಾಗ ಹುಟ್ಟುವ ಬೆಳಕು ಅದು. ಬೇಸಿಗೆಯಲ್ಲಿಯೂ ಅದು ಹುಟ್ಟುತ್ತದೆ. ಆದರೆ ಹಗಲಿನ ಆಕಾಶದಲ್ಲಿ ನಕ್ಷತ್ರ ಕಾಣದಂತೆ ಅದೂ ಕಾಣುವುದಿಲ್ಲ. ಜನ ಹೆಚ್ಚಾಗಿ ಹೆಸರಿಸುವ ನಾರ್ವೆಯ ಟ್ರೊಮ್ಸೊ ಪಟ್ಟಣವು ಆರ್ಕ್‌ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿದೆ. ಅಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ, ಅದರ ಹಿಂದೆ ಮುಂದೆ ಕೆಲವು ವಾರ ಕತ್ತಲೆಯೆಂಬ ಕತ್ತಲೆ ಇರುವುದಿಲ್ಲ. ನಮ್ಮ ಶಾಲೆಗಳ ರಜೆಯ ಮೇ ತಿಂಗಳು ಇದರೊಳಗೇ ಬರುತ್ತದೆ. ಇಷ್ಟನ್ನು ಎದುರಿಗೆ ಕೂರಿಸಿಕೊಂಡು ಹೇಳಿದ ಮೇಲೂ ‘ಮೇ ಕೊನೆಗೆ ಚಳಿ ಕಡಿಮೆಯಲ್ಲವೇ, ಅಪ್ಪ ಅಮ್ಮನಿಗೆ ಅನುಕೂಲ’ ಎನ್ನುವವರಿದ್ದಾರೆ. ಚಳಿ ಕಡಿಮೆಯೇ, ಆದರೆ ಅಪ್ಪ ಅಮ್ಮ ನೋಡಹೊರಟದ್ದು ಕತ್ತಲೆಯಲ್ಲಿ ಕಾಣುವಂಥದ್ದು. ಸಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಹೋಗಬೇಕು. ಆಗಲೂ ಮೋಡ ಕವಿದರೆ ಏನೂ ಕಾಣದು. ಆದ್ದರಿಂದ ನಾನು ಯಾರಿಗೂ ಖಾತರಿ ಕೊಡುವುದಿಲ್ಲ, ನಾಲ್ಕೈದು ರಾತ್ರಿಯಾದರೂ ಇಟ್ಟುಕೊಳ್ಳಿ ಎಂದಷ್ಟೇ ಹೇಳುತ್ತೇನೆ.

ಬೇರೆ ಕಡೆ ಟಿಕೆಟ್ ಮಾಡಿಸಿ ಜೂನ್ ಮೊದಲ ವಾರ ಅಲ್ಲಿಗೆ ಹೋಗಿಬಂದ ಕುಟುಂಬವೊಂದು ನನಗೆ ಚಿತ್ರಗಳನ್ನು ತೋರಿಸಿತ್ತು. ಒಂದರಲ್ಲಿ ಎಪ್ಪತ್ತು ದಾಟಿದ ಅಜ್ಜ ಉಣ್ಣೆಯ ಟೊಪ್ಪಿ ಹಾಕಿಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು, ಆಕಾಶ ನೋಡುತ್ತ ನಿಂತಿದ್ದಾರೆ; ಮುಖದ ಮೇಲೆ ಹಳದಿ ಬಿಸಿಲು. ಚಿತ್ರ ತೆಗೆದ ಹೊತ್ತು ರಾತ್ರಿ ಹನ್ನೆರಡೂಕಾಲು. ಅವರಿಗೆ ಮತ್ತೆ ಅಷ್ಟು ದೂರ ಹೋಗುವ ಶಕ್ತಿ ಇರಲಿಲ್ಲ. ನಾನು ಈ ವಿಷಯದಲ್ಲಿ ಹಟ ಹಿಡಿಯುವುದಕ್ಕೆ ಆ ಚಿತ್ರ ಕಾರಣ.

ಜೋಗ ಬಲ್ಲವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಜಾಂಬಿಯಾ ಮತ್ತು ಜಿಂಬಾಬ್ವೆಗಳ ಗಡಿಯಲ್ಲಿರುವ ವಿಕ್ಟೋರಿಯಾ ಜಲಪಾತ ಸುಮಾರು 1,700 ಮೀಟರ್ ಅಗಲ, 108 ಮೀಟರ್ ಎತ್ತರ. ಮಳೆ ಬೀಳುವುದು ನವೆಂಬರಿನಿಂದ ಮಾರ್ಚ್‌ವರೆಗೆ. ಆದರೂ ನೀರು ತುಂಬಿ ಧುಮುಕುವುದು ಏಪ್ರಿಲ್ ಹೊತ್ತಿಗೆ. ಜಾಂಬೆಜಿ ನದಿ ದೂರದಲ್ಲಿ ಹುಟ್ಟಿ, ವಿಶಾಲವಾದ ಬಯಲಿನಲ್ಲಿ ಹರಡಿಕೊಂಡು ನಿಧಾನವಾಗಿ ಇಳಿದು ಬರುವುದರಿಂದ ಈ ತಡ. ಅಕ್ಟೋಬರಿನ ದಸರಾ ರಜೆಯಲ್ಲಿ ಜಾಂಬಿಯಾ ಬದಿಗೆ ಹೋದವರಿಗೆ ಬಹುಪಾಲು ಕಾಣುವುದು ಒಣಬಂಡೆ. ಅದೇ ಏಪ್ರಿಲಿನಲ್ಲಿ ಹೋದರೆ ತುಂತುರಿನಿಂದಲೇ ಮೈ ತೋಯ್ದು, ಎದುರಿನ ಧಾರೆಯೇ ಮಸುಕಾಗುವುದೂ ಉಂಟು. ಜಪಾನಿನ ಚೆರ್ರಿ ಹೂವೂ ನಮ್ಮ ತೋಟಿಗರಿಗೆ ಅನುಕೂಲದ್ದೇ: ಟೋಕಿಯೊ, ಕ್ಯೋಟೊಗಳಲ್ಲಿ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ, ಆಗ ಆಗದಿದ್ದರೆ ಉತ್ತರದ ಹೊಕ್ಕೈಡೊದಲ್ಲಿ ಏಪ್ರಿಲ್ ಕೊನೆಗೆ ಅರಳುತ್ತದೆ. ದಿನಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತವೆ ಎಂಬುದನ್ನೂ ಹೇಳಬೇಕು. ಪೆರುವಿನಲ್ಲಿ ಮಾಚು ಪಿಚುವಿಗೆ ನಡೆದುಹೋಗುವ ಇಂಕಾ ಕಾಲುದಾರಿಯನ್ನು ಫೆಬ್ರುವರಿಯಲ್ಲಿ ಮುಚ್ಚಿಯೇ ಇಡುತ್ತಾರೆ.

ಕಳೆದ ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ದಂಪತಿಗಳು ಬಂದಿದ್ದರು. ಯಜಮಾನರು ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಸುವ ಗಡಿಬಿಡಿಯಲ್ಲಿದ್ದರು. ಬೋರ್ಡೋ ಮಿಶ್ರಣದ ನೀಲಿ ಉಗುರಿನಲ್ಲಿ ಇನ್ನೂ ಉಳಿದಿತ್ತು. ಪಟ್ಟಿ ಅವರ ಹೆಂಡತಿಯದು, ನಾನು ಅಕ್ಕ ಎನ್ನುವವರದು, ಪೆನ್ಸಿಲಿನಲ್ಲಿ ಬರೆದ ಏಳು ಹೆಸರು. ನಾನು ಆ ಹಾಳೆಯ ಪಕ್ಕದಲ್ಲಿ ಗೆರೆ ಎಳೆದು, ಪ್ರತಿ ಹೆಸರಿನೆದುರು ಅಲ್ಲಿಯ ತಿಂಗಳು ಹೇಳುತ್ತ ಹೋದೆ, ಅವರು ಬರೆದುಕೊಂಡರು. ಬಳಿಕ ಮನೆಯ ಕೆಲಸಗಳನ್ನು ಒಂದೊಂದಾಗಿ ಜೋಡಿಸಿದೆವು: ನವೆಂಬರಿನಿಂದ ಕೊಯ್ಲು, ಸುಲಿಯುವುದು, ಒಣಗಿಸುವುದು, ಜೂನಿನಿಂದ ಔಷಧ. ಟ್ರೊಮ್ಸೊಗೆ ಉಳಿದದ್ದು ಮಾರ್ಚ್ ಎರಡನೆಯ, ಮೂರನೆಯ ವಾರ.

‘ಮಾರಿಕಾಂಬಾ ಜಾತ್ರೆ ಮಾರ್ಚಿನಲ್ಲೇ ಬಂದರೆ ಏನು ಮಾಡೋದು ತಮಾ?’ ಎಂದು ಅಕ್ಕ ಕೇಳಿದರು. ಜಾತ್ರೆ ಎರಡು ವರ್ಷಕ್ಕೊಮ್ಮೆ ತಾನೇ ಎಂದು ಯಜಮಾನರು ನೆನಪಿಸಿದರು. ಅಕ್ಕ ಪೆನ್ಸಿಲ್ ತೆಗೆದುಕೊಂಡು ಟ್ರೊಮ್ಸೊ ಎದುರಿಗೆ ಬರೆದರು: ‘ಮಾರ್ಚ್, ಜಾತ್ರೆ ಇಲ್ಲದ ವರ್ಷ.’