ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಕರಾವಳಿಗೆ ಹೋದರೆ ಮೀನು ತಿನ್ನಬಹುದೇ?

ಪ್ರಶ್ನೆ: ಜುಲೈ ತಿಂಗಳಲ್ಲಿ ಮನೆಮಂದಿಯೆಲ್ಲ ಮುರ್ಡೇಶ್ವರ, ಹೊನ್ನಾವರ, ಗೋಕರ್ಣದ ಕಡೆ ಹೊರಟಿದ್ದೇವೆ. ಆಗ ಮೀನುಗಾರಿಕೆಗೆ ನಿಷೇಧ ಇರುತ್ತದಂತೆ. ಹಾಗಿದ್ದರೆ ಹೋಟೆಲಿನಲ್ಲಿ ಬಡಿಸುವ ಮೀನು ಎಲ್ಲಿಂದ ಬರುತ್ತದೆ? ಅದನ್ನು ತಿಂದರೆ ಸಮುದ್ರಕ್ಕೆ ನಾವೂ ಅನ್ಯಾಯ ಮಾಡಿದಂತೆ ಆಗುವುದಿಲ್ಲವೇ?

ಉತ್ತರ: ಧಾರಾಳವಾಗಿ ತಿನ್ನಬಹುದು. ಕಾನೂನು ತಡೆದಿರುವುದು ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದನ್ನು. ಮೀನು ಮಾರಲು, ಕೊಳ್ಳಲು, ತಿನ್ನಲು ಯಾವ ಅಡ್ಡಿಯೂ ಇಲ್ಲ. ಆದರೂ ನಿಮ್ಮ ಅಳುಕು ಬಹಳ ಬೆಲೆಯುಳ್ಳದ್ದು ಅನ್ನಿಸಿತು, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನನ್ನ ಅಭಿಪ್ರಾಯದಲ್ಲಿ ಪ್ರವಾಸಿಗರು ಯಾವ ತಿಂಗಳಲ್ಲಿ ಮೀನು ತಿಂದರು ಎನ್ನುವುದಕ್ಕಿಂತ ಯಾವ ಮೀನನ್ನು, ಎಷ್ಟು ಬೆಳೆದದ್ದನ್ನು ತಿಂದರು ಎನ್ನುವುದೇ ಕಡಲಿಗೆ ಹೆಚ್ಚು ತಟ್ಟುತ್ತದೆ.

ಮೊದಲು ನಿಷೇಧದ ಲೆಕ್ಕ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಚೀಲದಂಥ ಬಲೆಯನ್ನು ಹಿಂದೆ ಎಳೆದೊಯ್ಯುವ ಟ್ರಾಲ್ ಬೋಟು ಮತ್ತು ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟುಗಳು ಬಂದರು ಬಿಡುವಂತಿಲ್ಲ. ಪೂರ್ವ ಕರಾವಳಿಯಲ್ಲಿ ಇದೇ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ನೀವು ಹೋಗುವ ಜುಲೈ ಹೊತ್ತಿಗೆ ತಮಿಳುನಾಡು, ಆಂಧ್ರದ ಬೋಟುಗಳು ಮತ್ತೆ ಕಡಲಲ್ಲಿರುತ್ತವೆ. ಅಲ್ಲಿಯ ಮೀನು ಮಂಜುಗಡ್ಡೆಯಲ್ಲಿ ಕೂತು ಲಾರಿ ಹತ್ತಿ ನಮ್ಮ ಕರಾವಳಿಗೆ ಬರುತ್ತದೆ. ಹೋಟೆಲಿನ ತಟ್ಟೆಗೆ ಬೀಳುವುದರಲ್ಲಿ ಅದರ ಪಾಲು ದೊಡ್ಡದು. ಉಳಿದಂತೆ ನಿಷೇಧಕ್ಕೆ ಮುಂಚೆಯೇ ಹಿಡಿದು ಶೀತಲಗೃಹದಲ್ಲಿ ಇಟ್ಟದ್ದು, ಕೆರೆಗಳಲ್ಲಿ ಸಾಕಿದ ಸಿಗಡಿ, ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನು.

ಇದರ ಜೊತೆಗೆ ನಿಜವಾಗಿಯೂ ಅಲ್ಲಿಯದೇ ಆದ ತಾಜಾ ಮೀನೂ ಸ್ವಲ್ಪ ಸಿಗುತ್ತದೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ನಿಷೇಧದಿಂದ ವಿನಾಯಿತಿ ಇದೆ. ಕಡಲಿನ ಅಬ್ಬರ ತಗ್ಗಿದ ದಿನ ಅವು ಅಳಿವೆ ದಾಟಿ ಹೋಗಿ ಬರುತ್ತವೆ. ಅಪಾಯದ ಕೆಲಸ ಅದು, ಮಳೆಗಾಲದಲ್ಲಿ ಅಳಿವೆಯ ಬಾಯಲ್ಲಿ ದೋಣಿ ಮಗುಚಿದ ಸುದ್ದಿ ಕರಾವಳಿಯವರಿಗೆ ಹೊಸದಲ್ಲ. ಹಾಗೆ ಬಂದ ಮೀನು ಪೇಟೆಯಲ್ಲಿ ಕಂಡರೆ ಬೆಲೆ ಹೆಚ್ಚಾಯಿತೆಂದು ಚೌಕಾಸಿ ಮಾಡದೆ ಕೊಳ್ಳಿ.

ಇನ್ನು, ನಿಷೇಧ ಸರಿಯಾಗಿ ಈ ಎರಡು ತಿಂಗಳೇ ಏಕೆ? ಬೋಟಿನವರ ಜೀವರಕ್ಷಣೆ ಒಂದು ಕಾರಣ. ಇನ್ನೊಂದು ಕಾರಣ ನೀರಿನೊಳಗಿದೆ. ಮುಂಗಾರಿನ ಗಾಳಿ ಕೇರಳ, ಕರ್ನಾಟಕದ ದಂಡೆಯುದ್ದಕ್ಕೂ ಬೀಸುವಾಗ ಮೇಲಿನ ಬೆಚ್ಚನೆಯ ನೀರು ದಡದಿಂದ ಆಚೆಗೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ, ಬರುವಾಗ ತಳದ ಪೋಷಕಾಂಶಗಳನ್ನೂ ಹೊತ್ತು ತರುತ್ತದೆ. ಅದಕ್ಕೆ ಬಿಸಿಲು ಸೋಕಿದ್ದೇ ತಡ, ಕಣ್ಣಿಗೆ ಕಾಣದ ಪ್ಲವಕಗಳು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ. ಬೂತಾಯಿ ಮೀನು (ಸಾರ್ಡಿನ್) ಮೊಟ್ಟೆಯಿಡುವುದು ಹೆಚ್ಚಾಗಿ ಇದೇ ಸಮಯಕ್ಕೆ, ಮರಿಗಳಿಗೆ ಬೇಕಾದ ಊಟ ಎದುರಿಗೇ ಇರುತ್ತದೆ. ಬೂತಾಯಿ ಸುಮಾರು ಒಂದು ವರ್ಷಕ್ಕೇ ಬಲಿಯುವ ಮೀನು. ಒಂದು ಮಳೆಗಾಲ ಚೆನ್ನಾಗಿ ಸಾಗಿದರೆ ಮುಂದಿನ ವರ್ಷದ ಬಲೆ ತುಂಬುತ್ತದೆ, ಕೆಟ್ಟರೆ ಮತ್ಸ್ಯಕ್ಷಾಮ. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಆಸುಪಾಸು ಸಿಕ್ಕಿದ್ದ ಬೂತಾಯಿ 2021ರಲ್ಲಿ 3,500 ಟನ್ನಿಗಿಂತ ಕೆಳಗೆ ಕುಸಿಯಿತು. ಕಡಲು ಬಿಸಿಯಾದದ್ದೂ ಅದಕ್ಕೆ ಕಾರಣ, ಬಲಿಯದ ಮರಿಗಳನ್ನು ಬಾಚಿಕೊಂಡದ್ದೂ ಕಾರಣ. ಬಿಸಿಲನ್ನು ನಾವು ತಡೆಯಲಾರೆವು, ಮರಿಗಳನ್ನು ಉಳಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಪ್ರವಾಸಿಗರ ಪಾತ್ರ ಬರುವುದು ಇಲ್ಲಿ. ಗೋಕರ್ಣದಿಂದ ಮಲ್ಪೆಯವರೆಗೆ ಯಾವ ಹೋಟೆಲಿಗೆ ಹೋದರೂ ಮೆನುವಿನಲ್ಲಿ ಅವೇ ನಾಲ್ಕು ಹೆಸರು: ಅಂಜಲ್, ಮಾಂಜಿ, ಕಾಣೆ, ಸಿಗಡಿ. ಘಟ್ಟದ ಮೇಲಿನಿಂದ ಬಂದವರು ಅವನ್ನೇ ಕೇಳುತ್ತಾರೆ, ವರ್ಷವಿಡೀ ಕೇಳುತ್ತಾರೆ. ದೊಡ್ಡ ಅಂಜಲ್ ಸಿಗದ ದಿನವೂ ಹೋಟೆಲಿನವರು ಇಲ್ಲ ಎನ್ನಲಾಗದೆ ಚಿಕ್ಕದನ್ನೇ ತರಿಸುತ್ತಾರೆ. ಅಂಜಲ್ ಸಂತಾನಕ್ಕೆ ಬರುವುದು ಸುಮಾರು 70 ಸೆಂಟಿಮೀಟರ್ ಉದ್ದ ಬೆಳೆದ ಮೇಲೆ. ಅದಕ್ಕೂ ಮೊದಲೇ ಹೆಂಚಿಗೆ ಬಿದ್ದ ಅಂಜಲ್ ಒಂದು ಸಲವೂ ಮೊಟ್ಟೆಯಿಟ್ಟಿರುವುದಿಲ್ಲ.

ಇದನ್ನು ತಟ್ಟೆಯಲ್ಲೇ ಗುರುತಿಸಬಹುದು. ಅಂಜಲ್ ಫ್ರೈ ಬಂದಾಗ ತುಂಡನ್ನು ಗಮನಿಸಿ. ಬಾಲದ ಕಡೆಯ ತುಂಡು ಸಹಜವಾಗಿಯೇ ಚಿಕ್ಕದು, ನಡುವೆ ಮೂಳೆ, ಸುತ್ತಲೂ ಮಾಂಸ, ಎಲ್ಲೂ ಪೊಳ್ಳಿಲ್ಲ. ಹೊಟ್ಟೆಯ ಭಾಗದ ತುಂಡಿಗೆ ಒಂದು ಬದಿಯಲ್ಲಿ ಕರುಳು ತೆಗೆದ ಪೊಳ್ಳು ಇರುತ್ತದೆ, ಅದರ ಎರಡೂ ಕಡೆ ಮಾಂಸ ತೆಳ್ಳಗೆ ಕಾಲು ಚಾಚಿದಂತೆ ಕಾಣುತ್ತದೆ. ಹೀಗೆ ಪೊಳ್ಳಿರುವ ತುಂಡೇ ಅಂಗೈಗಿಂತ ಎಷ್ಟೋ ಚಿಕ್ಕದಾಗಿದ್ದರೆ ಅದು ಎಳೆಯ ಮೀನು. ಜಗಳವಾಡಬೇಕಿಲ್ಲ. ‘ಚಿಕ್ಕ ಅಂಜಲ್ ಬೇಡಿತ್ತು, ಬಂಗುಡೆ ಇದ್ದರೆ ಅದನ್ನೇ ಕೊಡಿ’ ಎಂದರೆ ಸಾಕು. ನಾಲ್ಕು ಮೇಜಿನವರು ಹಾಗೆಂದರೆ ಮಾರನೆಯ ದಿನ ಅಡುಗೆಮನೆಗೆ ಬರುವ ಬುಟ್ಟಿಯೇ ಬದಲಾಗುತ್ತದೆ.

ಬಂಗುಡೆ ಬೇಗ ಬೆಳೆಯುವ, ಬೇಗ ಮರಿ ಮಾಡುವ ಮೀನು, ರುಚಿಯಲ್ಲೂ ಯಾವುದಕ್ಕೂ ಕಡಿಮೆಯಿಲ್ಲ. ಬೂತಾಯಿಯೂ ಹಾಗೆಯೇ, ನೀವು ಹೋಗುವ ಉತ್ತರ ಕನ್ನಡದಲ್ಲಿ ತಾರ್ಲೆ ಎಂದು ಕೇಳಿ. ನಂಗು, ಕೊಡ್ಡಾಯಿ ಸಿಕ್ಕರೆ ಬಿಡಬೇಡಿ. ಅಳತೆ ಬೇಕೆಂದರೆ, ಕೇರಳ ಸರ್ಕಾರ ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಉದ್ದ ಗೊತ್ತುಮಾಡಿದೆ. ಅದಕ್ಕಿಂತ ಗಿಡ್ಡದ್ದು ಎಷ್ಟೇ ಅಗ್ಗವಾದರೂ ಬೇಡ.

ನಿಷೇಧ ಮುಗಿದ ಮೇಲಿನ ಹತ್ತು ತಿಂಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 61 ದಿನ ಕಾದು ಬೆಳೆಸಿದ್ದನ್ನು ಕೆಲವೇ ವಾರಗಳಲ್ಲಿ ಬಳಿದುಹಾಕುವ ವಿಧಾನಗಳಿವೆ. ರಾತ್ರಿ ಪ್ರಖರ ಎಲ್‌ಇಡಿ ದೀಪ ಉರಿಸಿ ಮೀನನ್ನು ಒಂದೆಡೆ ಸೆಳೆಯುವುದು ಒಂದು. ಎರಡು ಬೋಟುಗಳ ನಡುವೆ ಬಲೆ ಕಟ್ಟಿ ಎಳೆಯುವ ಬುಲ್ ಟ್ರಾಲಿಂಗ್ ಇನ್ನೊಂದು. ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ಎರಡನ್ನೂ ನಿಷೇಧಿಸಿದೆ. ಆದರೂ ನಾಡದೋಣಿಯವರು ಇವುಗಳ ವಿರುದ್ಧ ಇಂದಿಗೂ ದನಿಯೆತ್ತುತ್ತಲೇ ಇದ್ದಾರೆ. ಅವರ ಸಿಟ್ಟಿಗೆ ಹಳೆಯ ಬೇರೂ ಇದೆ. ಹತ್ತಾರು ಜನ ದಡದಲ್ಲಿ ನಿಂತು ಎಳೆದು, ಸಿಕ್ಕಿದ್ದನ್ನು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆ 1970ರ ದಶಕದಲ್ಲಿ ಪರ್ಸಿನ್ ಬೋಟುಗಳು ಬಂದ ಮೇಲೆ ಮೂಲೆ ಸೇರಿತು. ಈಗ ಉಳಿದಿರುವುದು ಅದರ ಸಣ್ಣ ರೂಪವಾದ ಕೈರಂಪಣಿ. ನನಗಂತೂ ಕಡಲ ಮೀನಿನ ವಿಚಾರದಲ್ಲಿ ಇವರ ಮಾತಿಗೆ ಮೊದಲ ಮನ್ನಣೆ ಸಿಗಬೇಕು ಅನ್ನಿಸುತ್ತದೆ.

ನಿಮ್ಮ ದಾರಿಯಲ್ಲಿ ಬರುವ ಒಂದೆರಡು ಜಾಗಗಳನ್ನೂ ಗಮನದಲ್ಲಿಡಿ. ಕುಮಟಾ ಬಳಿಯ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕಿ ಬದುಕುವ ಎಷ್ಟೋ ಕುಟುಂಬಗಳು ಅಲ್ಲಿವೆ. ಹೊನ್ನಾವರದ ಕಾಸರಕೋಡು ದಂಡೆಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಆ ದಿನಗಳಲ್ಲಿ ಹೋದರೆ ರಾತ್ರಿ ಮರಳಿನ ಮೇಲೆ ಟಾರ್ಚು ಬೆಳಗಬೇಡಿ, ವಾಹನ ಓಡಿಸಬೇಡಿ. ಅಂಗಡಿಯಲ್ಲಿ ಹವಳದ ತುಂಡು ಮಾರಿದರೆ ಕೊಳ್ಳಬೇಡಿ, ಅದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ಜುಲೈಯಲ್ಲಿ ಬಂದರಿಗೆ ಹೋಗುವುದು ವ್ಯರ್ಥವೆಂದುಕೊಳ್ಳಬೇಡಿ. ಬೋಟುಗಳೆಲ್ಲ ನಿಂತಿರುತ್ತವೆ, ಬಲೆ ನೇಯುವ, ದುರಸ್ತಿ ಮಾಡುವ ಕೆಲಸ ನಡೆಯುವುದು ಆಗಲೇ. ಮಕ್ಕಳಿಗೆ ಟ್ರಾಲ್ ಬಲೆಯ ತುದಿಯ ಚೀಲ ತೋರಿಸಿ. ವಜ್ರದಾಕಾರದ ಕಣ್ಣುಗಳಿದ್ದರೆ ಬೋಟು ಎಳೆಯುವಾಗ ಅವು ಬಿಗಿದು ಮುಚ್ಚಿಕೊಳ್ಳುತ್ತವೆ, ಮರಿಗಳು ಒಳಗೇ ಉಳಿಯುತ್ತವೆ. ಚೌಕಾಕಾರದ ಕಣ್ಣುಗಳು ಎಷ್ಟು ಎಳೆದರೂ ತೆರೆದೇ ಇರುತ್ತವೆ, ಮರಿಗಳು ನುಸುಳಿಕೊಂಡು ಹೊರಗೆ ಹೋಗುತ್ತವೆ. ಚೌಕ ಕಣ್ಣಿನ ಬಲೆ ಬಳಸಿ ಎಂದು ವಿಜ್ಞಾನಿಗಳು ಹೇಳುತ್ತಾ ಬಂದಿರುವುದು ಇದಕ್ಕೇ. ಬಲೆ ಹೆಣೆಯುತ್ತಿರುವವರನ್ನು ಕೇಳಿದರೆ ಎರಡನ್ನೂ ಕೈಯಲ್ಲಿ ಹಿಡಿದು ತೋರಿಸುತ್ತಾರೆ.