ಮೂವತ್ತು ನಿಮಿಷದ ಟಾಕ್‌ಗೆ ತಯಾರಿ: ಮೊದಲ ಸಲ ವೇದಿಕೆ ಹತ್ತುವವರಿಗೆ ಟಿಪ್ಪಣಿ

ಸಾಫ್ಟ್‌ವೇರ್ ಕಾನ್ಫರೆನ್ಸಿನಲ್ಲಿ ಟಾಕ್ ಕೊಡಬೇಕು ಅನ್ನಿಸಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಸ್ಲೈಡ್ ಮಾಡಲು ಕೂರುತ್ತಾರೆ. ಟೆಂಪ್ಲೇಟ್ ಹುಡುಕಿ, ಬಣ್ಣ ಆರಿಸಿ, ‘ನನ್ನ ಬಗ್ಗೆ’ ಅಂತ ಒಂದು ಸ್ಲೈಡ್ ಹಾಕುವಷ್ಟರಲ್ಲಿ ಸಂಜೆ ಕಳೆದಿರುತ್ತದೆ. ಸ್ಲೈಡ್ ಕೊನೆಯ ಕೆಲಸ. ನಮಗೆ ಗೊತ್ತಿರುವುದರಲ್ಲಿ ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಮೊದಲ ಕೆಲಸ, ಕಷ್ಟದ ಕೆಲಸವೂ ಅದೇ. ಈ ಟಿಪ್ಪಣಿ ಮುಖ್ಯವಾಗಿ ಅದರ ಬಗ್ಗೆ.

ಉದಾಹರಣೆಗೆ ಪೈಕಾನ್ ಇಟ್ಟುಕೊಳ್ಳೋಣ. ಇದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ವಾರ್ಷಿಕ ಕಾನ್ಫರೆನ್ಸ್. ಮೊದಲನೆಯದು 2003ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆಯಿತು. ಪೈಕಾನ್ ಇಂಡಿಯಾ 2009ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳಬರು ಕರೆಯುವ ಐಐಎಸ್‌ಸಿಯಲ್ಲಿ. ಆಮೇಲೆ ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಸುತ್ತಿತು, ಕೊರೊನಾ ಕಾಲದಲ್ಲಿ ಆನ್‌ಲೈನ್ ಆಯಿತು, 2024ರಲ್ಲಿ ಮತ್ತೆ ಬೆಂಗಳೂರಿಗೆ ಬಂತು.

ಸಮಯದ ಲೆಕ್ಕ

30 ನಿಮಿಷದ ಸ್ಲಾಟ್ ಸಿಕ್ಕಿದೆ ಎಂದುಕೊಳ್ಳಿ. ಹಿಂದಿನವರು ಇಳಿದು, ನಿಮ್ಮ ಲ್ಯಾಪ್‌ಟಾಪ್ ಪ್ರೊಜೆಕ್ಟರ್‌ಗೆ ಸೇರಿ, ಪರಿಚಯ ಮುಗಿಯುವ ಹೊತ್ತಿಗೆ ಎರಡು ಮೂರು ನಿಮಿಷ ಹೋಗಿರುತ್ತದೆ. ಕೊನೆಯ ಐದು ನಿಮಿಷ ಪ್ರಶ್ನೆಗೆ. ಮಾತಿಗೆ ಉಳಿಯುವುದು 22 ನಿಮಿಷ. ಇಷ್ಟರಲ್ಲಿ ಒಂದು ದೊಡ್ಡ ವಿಷಯ, ಅದಕ್ಕೆ ಎರಡು ಮೂರು ಉದಾಹರಣೆ ಹಿಡಿಸುತ್ತದೆ. ನಾಲ್ಕನೆಯದನ್ನು ತುರುಕಿದರೆ ಮೊದಲ ಮೂರೂ ತಲೆಯಲ್ಲಿ ನಿಲ್ಲುವುದಿಲ್ಲ.

ಇಷ್ಟು ಕಡಿಮೆ ಸಮಯದಲ್ಲಿ ಏನು ಮಾಡೋಕಾಗುತ್ತೆ ಅನ್ನುವವರು ಎರಡು ಟಾಕ್‌ಗಳನ್ನು ಗಮನಿಸಬೇಕು. ಎರಡರ ವಿಡಿಯೊನೂ ಸಿಗುತ್ತದೆ.

ಒಂದು, 2013ರ ಮಾರ್ಚ್‌ನಲ್ಲಿ ಸಾಂಟಾ ಕ್ಲಾರಾದಲ್ಲಿ ನಡೆದ ಪೈಕಾನ್ ಯುಎಸ್. ಅಲ್ಲಿ ಸಾಲೊಮನ್ ಹೈಕ್ಸ್ ಒಂದು ಲೈಟ್ನಿಂಗ್ ಟಾಕ್ ಕೊಟ್ಟರು. ಲೈಟ್ನಿಂಗ್ ಟಾಕ್ ಅಂದರೆ ಐದೇ ನಿಮಿಷ. ಅಪ್ಲಿಕೇಶನ್ ಅನ್ನು ಕಂಟೈನರ್‌ನಲ್ಲಿ, ಅಂದರೆ ಬೇಕಾದದ್ದನ್ನೆಲ್ಲ ಒಳಗೇ ಕಟ್ಟಿಟ್ಟ ಪ್ರತ್ಯೇಕ ಡಬ್ಬಿಯಲ್ಲಿ, ಓಡಿಸುವ ಡಾಕರ್ ಎಂಬ ಟೂಲ್ ಹೊರಗಿನ ಜಗತ್ತಿಗೆ ಕಾಣಿಸಿಕೊಂಡಿದ್ದು ಆ ಐದು ನಿಮಿಷದಲ್ಲಿ. ಡೆಮೊ ಏನು ಗೊತ್ತಾ? ಒಂದು ಕಂಟೈನರ್ ಓಡಿಸಿ ‘ಹಲೋ ವರ್ಲ್ಡ್’ ಎಂದು ಮುದ್ರಿಸಿದ್ದು. ದೊಡ್ಡ ಅಪ್ಲಿಕೇಶನ್ ಒಂದನ್ನು ಓಡಿಸಿ ತೋರಿಸುವ ಆಸೆ ಯಾರಿಗಾದರೂ ಆಗುತ್ತಿತ್ತು. ಆದರೆ ಅವರು ತೋರಿಸಬೇಕಿದ್ದದ್ದು ಒಂದೇ: ಕಂಟೈನರ್ ಶುರು ಮಾಡುವುದು ಇಷ್ಟು ಸುಲಭ. ಅದಕ್ಕೆ ‘ಹಲೋ ವರ್ಲ್ಡ್’ ಸಾಕು. ಅದಕ್ಕಿಂತ ದೊಡ್ಡದಾಗಿದ್ದರೆ ಜನ ಅಪ್ಲಿಕೇಶನ್ ನೋಡುತ್ತಿದ್ದರು, ಕಂಟೈನರ್ ನೋಡುತ್ತಿರಲಿಲ್ಲ.

ಇನ್ನೊಂದು, 2009ರ ನವೆಂಬರ್‌ನಲ್ಲಿ ಬರ್ಲಿನ್‌ನ ಜೆಎಸ್‌ಕಾನ್‌ನಲ್ಲಿ ರಯಾನ್ ಡಾಲ್ ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಕೋಡನ್ನು ಬ್ರೌಸರಿನ ಹೊರಗೆ ಓಡಿಸುವ ಟೂಲ್) ಪರಿಚಯಿಸಿದ್ದು. ಅವರು ‘ನಾನೊಂದು ಟೂಲ್ ಮಾಡಿದ್ದೇನೆ’ ಎಂದು ಅದರ ಸೌಲಭ್ಯಗಳ ಪಟ್ಟಿ ಓದಲಿಲ್ಲ. ನಾವು ಇನ್‌ಪುಟ್ ಔಟ್‌ಪುಟ್ ಬರೆಯುತ್ತಿರುವ ರೀತಿಯೇ ಸರಿಯಿಲ್ಲ ಅನ್ನುವ ಮಾತಿಗೆ ಮೊದಲು ನೆಲೆ ಹಾಕಿದರು. ಮೆಮೊರಿಯಿಂದ ಓದಲು ಪ್ರೊಸೆಸರಿನ ಸುಮಾರು 250 ಸೈಕಲ್ (ಅದರ ಗಡಿಯಾರದ ಬಡಿತ) ಬೇಕು, ಡಿಸ್ಕಿನಿಂದ ಓದಲು ಕೋಟಿಗಟ್ಟಲೆ ಸೈಕಲ್. ಎರಡಕ್ಕೂ ಒಂದೇ ಥರ ಕೋಡ್ ಬರೆದು ಸುಮ್ನೆ ಕಾಯುತ್ತಾ ಕೂರುತ್ತೇವಲ್ಲ, ಯಾಕೆ? ಈ ಪ್ರಶ್ನೆ ಕೇಳುವವರ ತಲೆಗೆ ಹೊಕ್ಕ ಮೇಲೆ ನೋಡ್ ಯಾಕೆ ಬೇಕು ಎಂದು ಬಿಡಿಸಿ ಹೇಳುವ ಕೆಲಸವೇ ಉಳಿಯಲಿಲ್ಲ.

ಒಬ್ಬರು ಡೆಮೊವನ್ನು ಚಿಕ್ಕದು ಮಾಡಿದರು, ಇನ್ನೊಬ್ಬರು ಸಮಸ್ಯೆಗೆ ಜಾಸ್ತಿ ಸಮಯ ಕೊಟ್ಟರು. ಆದರೆ ಇಬ್ಬರೂ ತಮ್ಮ ಟೂಲ್ ಬಗ್ಗೆ ಗೊತ್ತಿದ್ದರಲ್ಲಿ ಬಹುಪಾಲನ್ನು ಹೇಳದೆ ಬಿಟ್ಟಿದ್ದಾರೆ.

ಒಂದು ಟಾಕ್ ಕಟ್ಟಿ ನೋಡೋಣ

ಬರೀ ತತ್ವ ಹೇಳಿದರೆ ಆಗುವುದಿಲ್ಲ. ‘ಪೈಥಾನ್‌ನಲ್ಲಿ ಕನ್ನಡ ಪಠ್ಯ’ ಅನ್ನುವ ವಿಷಯ ತೆಗೆದುಕೊಳ್ಳೋಣ. ಇದು ವಿಷಯ ಆಯಿತು, ಟಾಕ್ ಇನ್ನೂ ಆಗಿಲ್ಲ. ಇದರಲ್ಲಿ ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಇತಿಹಾಸ ಇದೆ, ಆ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಇದೆ, ಫಾಂಟ್ ಇದೆ, ಅಕಾರಾದಿ ವಿಂಗಡಣೆ ಇದೆ, ಹುಡುಕಾಟ ಇದೆ. ಒಂದು ಸೆಮಿಸ್ಟರ್ ಪಾಠ ಮಾಡಬಹುದು.

ಕೇಳಲು ಬಂದವರಿಗೆ ನೋವು ಎಲ್ಲಿದೆ ಎಂದು ಹುಡುಕಿ. ಒಂದು ಅರ್ಜಿ ಫಾರಂ ಇದೆ. ಹೆಸರಿಗೆ 10 ಅಕ್ಷರದ ಮಿತಿ. ‘ಶ್ರೀಲಕ್ಷ್ಮಿ’ ಎಂದು ತುಂಬಿದರೆ ಸೇವ್ ಆಗುವುದು ‘ಶ್ರೀಲಕ್ಷ್ಮ’. ನಮ್ಮ ಕಣ್ಣಿಗೆ ಅದು ಮೂರೇ ಅಕ್ಷರ: ಶ್ರೀ, ಲ, ಕ್ಷ್ಮಿ. ಪೈಥಾನ್ ಎಣಿಸಿದರೆ 11. ಯಾಕೆಂದರೆ ಅದು ಎಣಿಸುವುದು ಯುನಿಕೋಡ್ ಸಂಖ್ಯೆ ಕೊಟ್ಟ ಒಂದೊಂದು ತುಣುಕನ್ನು, ಅಂದರೆ ಕೋಡ್ ಪಾಯಿಂಟ್‌ಗಳನ್ನು. ಶ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ರ, ಈ ಸ್ವರಚಿಹ್ನೆ, ಲ, ಕ, ವಿರಾಮ, ಷ, ವಿರಾಮ, ಮ, ಇ ಸ್ವರಚಿಹ್ನೆ. ಹನ್ನೊಂದನೆಯದು ಗುಡಿಸು, ಅದೇ ಕತ್ತರಿಸಿ ಹೋಯಿತು. ಇನ್ನು ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ 3 ಬೈಟ್, ಹಾಗಾಗಿ ಈ ಹೆಸರು 33 ಬೈಟ್. ಮೂರಕ್ಷರ, 11 ಕೋಡ್ ಪಾಯಿಂಟ್, 33 ಬೈಟ್. ಟಾಕ್‌ನ ಬೆನ್ನೆಲುಬು ಸಿಕ್ಕಿಬಿಟ್ಟಿತು, ಅಲ್ವಾ? ‘ಉದ್ದ ಎಷ್ಟು ಎಂದು ಕೇಳುವ ಮೊದಲು ಯಾವ ಉದ್ದ ಎಂದು ಕೇಳಿ’ ಅನ್ನುವುದೊಂದೇ ಮಾತು. ಅದನ್ನು ಬಿಟ್ಟು ಉಳಿದದ್ದೆಲ್ಲ ಅದಕ್ಕೆ ಆಧಾರವಾಗಿ ಬರಬೇಕು, ಇಲ್ಲವೇ ಹೊರಗಿರಬೇಕು.

ಎರಡನೇ ಉದಾಹರಣೆಗೆ ಪೈಥಾನ್‌ನಿಂದ ಪದವನ್ನು ಹಿಂದುಮುಂದಾಗಿ ತಿರುಗಿಸಿ ತೋರಿಸಬಹುದು. ಇಲ್ಲಿ ಉದಾಹರಣೆ ಆರಿಸುವುದರಲ್ಲೇ ಒಂದು ಪಾಠ ಇದೆ. ‘ಕನ್ನಡ’ ಎಂಬ ಪದವನ್ನು ತಿರುಗಿಸಿದರೆ ‘ಡನ್ನಕ’ ಬರುತ್ತದೆ, ಸರಿಯಾಗಿಯೇ ಕಾಣುತ್ತದೆ! ವಿರಾಮದ ಎರಡೂ ಪಕ್ಕದಲ್ಲಿ ನಕಾರವೇ ಇರುವುದರಿಂದ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ. ‘ಕರ್ನಾಟಕ’ ತಿರುಗಿಸಿ ನೋಡಿ, ‘ಕಟಾನ್ರಕ’ ಬರುತ್ತದೆ. ಬರಬೇಕಿದ್ದದ್ದು ‘ಕಟರ್ನಾಕ’. ಸಭೆಯಲ್ಲಿ ಕನ್ನಡ ಬಾರದವರು ಇದ್ದರೂ ಎರಡನ್ನೂ ಮೇಲೆ ಕೆಳಗೆ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಹೀಗೆ ಪ್ರತಿ ಉದಾಹರಣೆಯನ್ನೂ ವೇದಿಕೆಗೆ ಒಯ್ಯುವ ಮುಂಚೆ ಓಡಿಸಿ ನೋಡಬೇಕು. ಮನಸ್ಸಿಗೆ ಮೊದಲು ಹೊಳೆಯುವ ಪದವೇ ಕೈಕೊಡುವುದು ಜಾಸ್ತಿ.

ಪರಿಹಾರಕ್ಕೆ ಬಂದರೆ, ಪಠ್ಯದಲ್ಲಿ ಹುಡುಕಲು ಪೈಥಾನ್ ಜೊತೆಗೇ ಬರುವ ‘ರಿ’ (re) ಮಾಡ್ಯೂಲ್‌ಗೆ ಗ್ರಾಫೀಮ್ (ಒಂದೇ ಅಕ್ಷರವಾಗಿ ಎಣಿಸುವ ಕೋಡ್ ಪಾಯಿಂಟ್‌ಗಳ ಗುಂಪು) ಎಂಬ ಕಲ್ಪನೆ ಇಲ್ಲ. ‘ರೆಜೆಕ್ಸ್’ ಎಂಬ ಹೊರಗಿನ ಲೈಬ್ರರಿಗೆ ಇದೆ. ಅದನ್ನು ತೋರಿಸಿ ಮುಗಿಸಿ. ಹಲವು ಭಾರತೀಯ ಲಿಪಿಗಳ ಒತ್ತಕ್ಷರವನ್ನು ಹೇಗೆ ಒಡೆಯಬೇಕೆಂಬ ನಿಯಮ ಯುನಿಕೋಡ್ 15.1ರಲ್ಲಿ ಬದಲಾಯಿತು, ಆದ್ದರಿಂದ ಆ ಲಿಪಿಗಳಲ್ಲಿ ಲೈಬ್ರರಿಯ ಆವೃತ್ತಿ ಬೇರೆಯಾದರೆ ಉತ್ತರವೂ ಬೇರೆ ಬರಬಹುದು. ಇದು ಬಹಳ ಸ್ವಾರಸ್ಯದ ವಿಷಯ. ಆದರೂ ಟಾಕ್‌ನಲ್ಲಿ ಬೇಡ. ಕೊನೆಯ ಸ್ಲೈಡ್ ಆದ ಮೇಲೆ ಒಂದು ಹೆಚ್ಚುವರಿ ಸ್ಲೈಡ್ ಮಾಡಿಟ್ಟುಕೊಳ್ಳಿ. ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ತೆಗೆಯಿರಿ.

ಪ್ರಪೋಸಲ್

ಪೈಕಾನ್ ಯುಎಸ್‌ನ ಪ್ರಪೋಸಲ್‌ನಲ್ಲಿ (ಟಾಕ್ ಕೊಡಲು ಸಂಘಟಕರಿಗೆ ಹಾಕುವ ಅರ್ಜಿಯಲ್ಲಿ) ಶೀರ್ಷಿಕೆ, ವಿವರಣೆ, ಯಾರಿಗಾಗಿ ಈ ಟಾಕ್, ಯಾವ ಭಾಗಕ್ಕೆ ಎಷ್ಟು ನಿಮಿಷ ಎಂಬ ರೂಪರೇಷೆ ಎಲ್ಲವನ್ನೂ ಬರೆಯಬೇಕು. ಪೈಕಾನ್ ಇಂಡಿಯಾದಲ್ಲಿ ಹಲವು ವರ್ಷ ಪ್ರಪೋಸಲ್‌ಗಳನ್ನು ಎಲ್ಲರೂ ಓದುವಂತೆ ಬಯಲಿಗಿಟ್ಟು, ಓದಿದವರು ಪ್ರತಿಕ್ರಿಯೆ ಬರೆಯಲು ಅವಕಾಶ ಕೊಟ್ಟಿದ್ದರು. ಹೊಸಬರಿಗೆ ಅದೊಂದು ಒಳ್ಳೆಯ ಗ್ರಂಥಾಲಯ. ಆಯ್ಕೆಯಾದವನ್ನೂ ಆಗದವನ್ನೂ ಪಕ್ಕಪಕ್ಕ ಇಟ್ಟು ಓದಿ.

ಓದುವವರು ಸ್ವಯಂಸೇವಕರು. ಆಫೀಸು ಮುಗಿಸಿ ಬಂದು ಹತ್ತಾರು ಪ್ರಪೋಸಲ್ ಓದುತ್ತಾರೆ. ‘ಕನ್ನಡ ಮತ್ತು ಪೈಥಾನ್: ಒಂದು ಪಯಣ’ ಎಂಬ ಶೀರ್ಷಿಕೆ ನೋಡಿ ಅವರಿಗೆ ಏನೂ ತಿಳಿಯುವುದಿಲ್ಲ. ‘ಶ್ರೀಲಕ್ಷ್ಮಿಯ ಗುಡಿಸು ಎಲ್ಲಿ ಹೋಯಿತು? ಪೈಥಾನ್‌ನಲ್ಲಿ ಅಕ್ಷರ ಎಣಿಸುವ ಮೂರು ದಾರಿ’ ಎಂದರೆ ವಿಷಯವೂ ತಿಳಿಯಿತು, ಕುತೂಹಲವೂ ಹುಟ್ಟಿತು. ರೂಪರೇಷೆ ಹೀಗಿರಬಹುದು:

- 0–4: ಕತ್ತರಿಸಿ ಹೋದ ಹೆಸರು, ಏನಾಯಿತು
- 4–12: ಅಕ್ಷರ, ಕೋಡ್ ಪಾಯಿಂಟ್, ಬೈಟ್, ಒಂದೇ ಹೆಸರಿನಲ್ಲಿ ಮೂರೂ
- 12–15: ತಿರುಗಿಸುವ ಡೆಮೊ
- 15–20: ಗ್ರಾಫೀಮ್ ಪ್ರಕಾರ ಕತ್ತರಿಸುವುದು, ಡೇಟಾಬೇಸ್ ಮಿತಿ ಇಡುವುದು
- 20–22: ಸೋಮವಾರ ಆಫೀಸಿಗೆ ಹೋಗಿ ನಿಮ್ಮ ಕೋಡ್‌ನಲ್ಲಿ ಏನು ಹುಡುಕಬೇಕು

ಕೊನೆಯ ಸಾಲು ಮುಖ್ಯ. ಅದನ್ನು ಬರೆಯಲು ಬರದಿದ್ದರೆ ಟಾಕ್‌ನಲ್ಲಿ ಇನ್ನೂ ಏನೋ ಕೊರತೆ ಇದೆ ಎಂದೇ ಅರ್ಥ. ‘ಸಮಯ ಸಿಕ್ಕರೆ ಇದನ್ನೂ ಹೇಳುತ್ತೇನೆ’ ಎಂದು ಮಾತ್ರ ಬರೆಯಬೇಡಿ. ಸಮಯ ಸಿಗುವುದಿಲ್ಲ.

ಸ್ಲೈಡ್

ಇದರ ಬಗ್ಗೆ ಸಲಹೆಗಳು ಬೇಕಾದಷ್ಟಿವೆ, ಎರಡೇ ಮಾತು ಹೇಳುತ್ತೇನೆ. ಜಪಾನಿನಲ್ಲಿ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗದ ಮಸಯೋಶಿ ತಕಹಾಶಿ ಒಂದು ಸ್ಲೈಡಿಗೆ ಒಂದೆರಡು ಪದ ಮಾತ್ರ, ಅದೂ ಪರದೆ ತುಂಬುವಷ್ಟು ದೊಡ್ಡದಾಗಿ ಹಾಕಿ ತೋರಿಸಿದರು. ಅದಕ್ಕೆ ಅವರ ಹೆಸರೇ ನಿಂತಿದೆ. ಅಷ್ಟು ದೂರ ಹೋಗಬೇಕಿಲ್ಲ. ಆದರೆ ಕೋಡ್ ಇರುವ ಸ್ಲೈಡಿನಲ್ಲಿ ಎಂಟು ಹತ್ತು ಸಾಲಿಗಿಂತ ಹೆಚ್ಚಿದ್ದರೆ ಹಿಂದಿನ ಸಾಲಿನವರು ಓದುವುದನ್ನು ಬಿಟ್ಟು ಮೊಬೈಲ್ ತೆಗೆಯುತ್ತಾರೆ.

ಇನ್ನೊಂದು, ಸ್ಲೈಡಿನಲ್ಲಿ ಕನ್ನಡ ಇದ್ದರೆ ಪಿಡಿಎಫ್ ಮಾಡಿ, ಫಾಂಟ್ ಒಳಗೇ ಸೇರಿಸಿ. ಬೇರೆಯವರ ಲ್ಯಾಪ್‌ಟಾಪ್‌ನಿಂದ ತೋರಿಸಬೇಕಾಗಿ ಬಂದಾಗ ಅಕ್ಷರದ ಬದಲು ಚೌಕ ಬಂದರೆ, ಕನ್ನಡ ಪಠ್ಯದ ಬಗ್ಗೆ ಮಾತಾಡಲು ನಿಂತವರ ಪಾಡು ಕೇಳಬೇಡಿ.

ಡೆಮೊ

ಲೈವ್ ಡೆಮೊ ಬೇಡವೇ ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1968ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಂಪ್ಯೂಟರ್ ಸಮ್ಮೇಳನದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸ್ ಹಿಡಿದು 90 ನಿಮಿಷ ಲೈವ್ ಡೆಮೊ ಕೊಟ್ಟರು. ಅವರು ಬಳಸುತ್ತಿದ್ದ ಕಂಪ್ಯೂಟರ್ ಇದ್ದದ್ದು ದೂರದ ಮೆನ್ಲೊ ಪಾರ್ಕ್‌ನಲ್ಲಿ, ನಡುವೆ ಮೈಕ್ರೋವೇವ್ ಸಂಪರ್ಕ. ಅಂಥದ್ದು ಸಾಧ್ಯವಾದದ್ದು ಹಿಂದೆ ನಿಂತ ತಂಡದಿಂದ, ತಯಾರಿಯಿಂದ.

ಸಭಾಂಗಣದ ವೈಫೈಯನ್ನು ಮಾತ್ರ ನಂಬಬೇಡಿ. 2010ರ ಆ್ಯಪಲ್ ಡೆವಲಪರ್ ಕಾನ್ಫರೆನ್ಸಿನಲ್ಲಿ ಸ್ಟೀವ್ ಜಾಬ್ಸ್ ಐಫೋನ್ 4 ತೋರಿಸುತ್ತಿದ್ದಾಗ ಪುಟವೇ ಲೋಡ್ ಆಗಲಿಲ್ಲ. ಸಭೆಯಲ್ಲಿ 500ಕ್ಕೂ ಹೆಚ್ಚು ವೈಫೈ ಬೇಸ್ ಸ್ಟೇಶನ್‌ಗಳು ಚಾಲೂ ಇದ್ದವು. ಅವನ್ನು ಆಫ್ ಮಾಡಿ ಎಂದು ಅವರೇ ಜನರನ್ನು ಕೇಳಬೇಕಾಯಿತು. ಅವರಿಗೇ ಹಾಗಾದರೆ ನಮ್ಮ ಗತಿ? ಬೇಕಾದ ಲೈಬ್ರರಿಗಳನ್ನು ಮೊದಲೇ ಇನ್‌ಸ್ಟಾಲ್ ಮಾಡಿ, ಮನೆಯಲ್ಲಿ ಇಂಟರ್ನೆಟ್ ಕಿತ್ತು ಡೆಮೊ ಓಡಿಸಿ ನೋಡಿ. ಅದರದ್ದೇ ಒಂದು ಸ್ಕ್ರೀನ್ ರೆಕಾರ್ಡಿಂಗ್ ಲ್ಯಾಪ್‌ಟಾಪ್‌ನಲ್ಲಿ ಇರಲಿ.

ನಮ್ಮ ಉದಾಹರಣೆಗೆ ಇನ್ನೊಂದು ತೊಡಕಿದೆ. ಕಮಾಂಡ್ ಟೈಪ್ ಮಾಡಿ ಕೋಡ್ ಓಡಿಸುವ ಬಹಳಷ್ಟು ಟರ್ಮಿನಲ್‌ಗಳು ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಕೋಣೆ ಕೊಡುವುದರಿಂದ ಒತ್ತಕ್ಷರ ಒಡೆದು ಕಾಣುತ್ತದೆ. ಪೈಥಾನ್ ಕೊಟ್ಟ ಉತ್ತರ ಸರಿಯಿದ್ದರೂ ಪರದೆಯ ಮೇಲೆ ಅಧ್ವಾನ. ನೋಡುವವರಿಗೆ ಯಾವುದು ಪೈಥಾನ್ ತಪ್ಪು, ಯಾವುದು ಟರ್ಮಿನಲ್ ತಪ್ಪು ಎಂದು ಗೊತ್ತಾಗುವುದಿಲ್ಲ. ಬ್ರೌಸರ್‌ನಲ್ಲಿ ಜುಪಿಟರ್ ನೋಟ್‌ಬುಕ್ ತೆರೆದು ಅಲ್ಲೇ ಓಡಿಸಿ.

ಅಭ್ಯಾಸ ಮತ್ತು ಆ ದಿನ

ಟಾಕ್ ಇಂಗ್ಲಿಷಿನಲ್ಲಿದ್ದರೂ ಮೊದಲ ಸಲ ಕನ್ನಡದಲ್ಲೇ ಗೆಳೆಯರಿಗೆ ಹೇಳಿ ನೋಡಿ. ಇಂಗ್ಲಿಷಿನಲ್ಲಿ ದೊಡ್ಡ ಪದದ ಹಿಂದೆ ಅಡಗಿಕೊಳ್ಳಬಹುದು. ಕನ್ನಡದಲ್ಲಿ ‘ಅಂದ್ರೆ ಏನು?’ ಎಂದು ಥಟ್ಟನೆ ಕೇಳುತ್ತಾರೆ. ಎಲ್ಲಿ ತಡವರಿಸಿದಿರೋ ಅಲ್ಲಿ ನಿಮಗೇ ಸರಿಯಾಗಿ ಅರ್ಥವಾಗಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ, ಎದ್ದು ನಿಂತು, ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ಕುಳಿತು ಮನಸ್ಸಿನಲ್ಲೇ ಓದಿಕೊಂಡದ್ದು ಲೆಕ್ಕಕ್ಕಿಲ್ಲ. ಪೂರ್ತಿ ಬಾಯಿಪಾಠ ಬೇಡ, ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ ಇರಲಿ. ಎದೆ ಹೊಡೆದುಕೊಳ್ಳುವುದು ಆಗಲೇ.

ಅರ್ಧ ದಾರಿಯಲ್ಲೊಂದು ಗುರುತು ಇಟ್ಟುಕೊಳ್ಳಿ. ನಮ್ಮ ಟಾಕ್‌ನಲ್ಲಿ 12ನೇ ನಿಮಿಷಕ್ಕೆ ತಿರುಗಿಸುವ ಡೆಮೊ ಶುರುವಾಗಬೇಕು. ತಡವಾಗಿದ್ದರೆ ಆ ಡೆಮೊವನ್ನೇ ಬಿಟ್ಟು ಮುಂದೆ ಹೋಗಿ. ಏನು ಬಿಡಬೇಕೆಂದು ಮೊದಲೇ ಗೊತ್ತಿರಲಿ. ವೇದಿಕೆಯ ಮೇಲೆ ಯೋಚಿಸಲು ಆಗುವುದಿಲ್ಲ, ಎಲ್ಲವನ್ನೂ ಗಡಿಬಿಡಿಯಲ್ಲಿ ಹೇಳಿ ಮುಗಿಸಬೇಕಾಗುತ್ತದೆ.

ಕಾನ್ಫರೆನ್ಸಿನ ಸ್ವಭಾವವನ್ನೂ ನೋಡಿಕೊಳ್ಳಿ. ಬ್ರಸೆಲ್ಸ್‌ನ ವಿಶ್ವವಿದ್ಯಾಲಯದಲ್ಲಿ ಫೆಬ್ರವರಿ ಮೊದಲ ವಾರಾಂತ್ಯದ ಆಸುಪಾಸಿನಲ್ಲಿ ನಡೆಯುವ ಓಪನ್ ಸೋರ್ಸ್ ಸಾಫ್ಟ್‌ವೇರ್‌ನವರ ಕಾನ್ಫರೆನ್ಸ್ ಫಾಸ್ಡೆಮ್‌ಗೆ ಟಿಕೆಟೂ ಇಲ್ಲ, ನೋಂದಣಿಯೂ ಇಲ್ಲ. ಜನ ಕೋಣೆಯಿಂದ ಕೋಣೆಗೆ ಓಡುತ್ತಾರೆ, ಕೋಣೆ ತುಂಬಿದರೆ ಬಾಗಿಲಿಗೆ ‘ಫುಲ್’ ಎಂದು ಫಲಕ ಬೀಳುತ್ತದೆ. ಅಂಥಲ್ಲಿ ಮೊದಲ ನಿಮಿಷದಲ್ಲಿ ಎಬ್ಬಿಸಿದ ಪ್ರಶ್ನೆಗೆ ಕೊನೆಯ ನಿಮಿಷದಲ್ಲಿ ಉತ್ತರ ಕೊಡುವ ನಾಟಕ ನಡೆಯುವುದಿಲ್ಲ. ಆಗಾಗ ‘ಇಲ್ಲಿಯವರೆಗೆ ಆದದ್ದು ಇಷ್ಟು’ ಎಂದು ಒಂದು ವಾಕ್ಯ ಹೇಳಬೇಕು.

ಪ್ರಶ್ನೆ ಬಂದಾಗ ಅದನ್ನು ಮೈಕ್‌ನಲ್ಲಿ ನೀವೇ ಇನ್ನೊಮ್ಮೆ ಹೇಳಿ. ಕೇಳಿದವರ ಕೈಯಲ್ಲಿ ಮೈಕ್ ಇಲ್ಲದಿದ್ದರೆ ರೆಕಾರ್ಡಿಂಗ್‌ನಲ್ಲಿ ಬರೀ ಉತ್ತರ ಉಳಿಯುತ್ತದೆ. ಹೀಗೆ ಹೇಳುವಷ್ಟರಲ್ಲಿ ನಿಮಗೂ ಯೋಚಿಸಲು ಸ್ವಲ್ಪ ಪುರುಸೊತ್ತು ಸಿಗುತ್ತದೆ. ‘ಇದು ಪ್ರಶ್ನೆಯಲ್ಲ, ನನ್ನ ಅನಿಸಿಕೆ’ ಎಂದು ಶುರುಮಾಡುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಅವರನ್ನು ನಗುತ್ತಲೇ ಕಾಫಿ ಸಮಯಕ್ಕೆ ಕರೆಯಿರಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದುಬಿಡಿ, ಆ ಸಭೆಯಲ್ಲಿ ಗೊತ್ತಿರುವವರು ಒಬ್ಬರಾದರೂ ಕೈ ಎತ್ತುತ್ತಾರೆ.

ಸ್ಲೈಡ್ ಮತ್ತು ಕೋಡ್ ಅನ್ನು ಅವತ್ತೇ ಹಂಚಿಕೊಳ್ಳಿ, ನಾಳೆ ಎಂದರೆ ಮರೆತುಹೋಗುತ್ತದೆ. ಫಾಸ್ಡೆಮ್‌ನಲ್ಲಿ ವಿಡಿಯೊದ ಶುರು ಮತ್ತು ಕೊನೆ ಸರಿಯಾಗಿದೆಯೇ, ದನಿ ಕೇಳುತ್ತಿದೆಯೇ ಎಂದು ನೋಡಿ ಹೇಳಲು ಟಾಕ್ ಕೊಟ್ಟವರಿಗೇ ಒಂದು ಕೊಂಡಿ ಕಳಿಸುತ್ತಾರೆ. ನಮ್ಮದೇ ದನಿ ಕೇಳಲು ಮುಜುಗರ ಆಗುತ್ತದೆ, ನಿಜ. ಆದರೂ ಪೂರ್ತಿ ನೋಡಿ, ರೂಪರೇಷೆಯಲ್ಲಿ ಬರೆದ ನಿಮಿಷಗಳ ಪಕ್ಕದಲ್ಲಿ ನಿಜಕ್ಕೂ ಎಷ್ಟು ಹಿಡಿಯಿತು ಎಂದು ಬರೆದಿಡಿ. ಮುಂದಿನ ವರ್ಷದ ಪ್ರಪೋಸಲ್ ಬರೆಯುವಾಗ ಆ ಹಾಳೆ ಬೇಕಾಗುತ್ತದೆ.