ಮಾಲ್ಟ್ ಹಾಲು, ನಮ್ಮ ಬಾಯಲ್ಲಿ ‘ಹಾರ್ಲಿಕ್ಸ್’

ಉಡುಪಿಯ ಹೋಟೆಲುಗಳ ದರಪಟ್ಟಿಯಲ್ಲಿ ಕಾಫಿ, ಚಾ, ಕಷಾಯಗಳ ಕೆಳಗೆ ‘ಹಾರ್ಲಿಕ್ಸ್’ ಎಂಬ ಹೆಸರು ಕಾಣಸಿಗುತ್ತದೆ. ಹಿರಿಯರು ತಮಗೆ ಕಾಫಿ ಹೇಳಿ, ಮಗುವಿಗೆ ಅದನ್ನು ಹೇಳುತ್ತಾರೆ. ಬಿಸಿ ಹಾಲಿಗೆ ಪುಡಿ ಬೆರೆಸಿ, ಎತ್ತಿ ಹೊಯ್ದು ನೊರೆ ಬರಿಸಿ, ಆ ನೊರೆಯ ಮೇಲೆ ಒಂದು ಚಿಟಿಕೆ ಒಣ ಪುಡಿ ಉದುರಿಸಿದ ಲೋಟ ಮೇಜಿಗೆ ಬರುತ್ತದೆ. ಇದು ಒಂದು ಕಂಪೆನಿಯ ಅಂಕಿತನಾಮವಾದರೂ ನಮ್ಮಲ್ಲಿ ಈ ಜಾತಿಯ ಪೇಯಕ್ಕೆಲ್ಲ ರೂಢನಾಮವಾಗಿಬಿಟ್ಟಿದೆ.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಬೆಳೆದು ಸಸಿಯಾಗುವ ಮೊದಲೇ ಒಣಗಿಸಿದರೆ ಸಿಗುವುದು ಮಾಲ್ಟ್. ಮೊಳೆಯುವಾಗ ಹುಟ್ಟುವ ಕಿಣ್ವವು ಕಾಳಿನ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ, ಹುರಿದು, ಬೀಸಿಕೊಳ್ಳುವ ನಮ್ಮ ಅಡುಗೆಮನೆಗೆ ಈ ವಿದ್ಯೆ ಹೊಸದಲ್ಲ. (ಬಿಯರಿನ ಮೂಲವೂ ಇದೇ ಮಾಲ್ಟ್ ಎಂಬುದನ್ನು ಮಡಿವಂತ ಅಜ್ಜಿಯರ ಮುಂದೆ ಹೇಳದಿರುವುದು ಕ್ಷೇಮ.) ಮಾಲ್ಟಿನ ರಸ, ಗೋಧಿ ಹಿಟ್ಟು, ಹಾಲು ಇವನ್ನು ಕೂಡಿಸಿ ಒಣಗಿಸಿದ ಪುಡಿಯೇ ಮಾಲ್ಟ್ ಹಾಲು. ಅದು ತೇವವನ್ನು ಬೇಗ ಹೀರುವುದರಿಂದ, ಆಟಿಯ ಮಳೆಯಲ್ಲಿ ಮುಚ್ಚಳ ಸ್ವಲ್ಪ ಸಡಿಲವಾದರೂ ಸಾಕು, ಚಮಚದ ಹಿಡಿಯಿಂದ ಕೆತ್ತಿ ತೆಗೆಯಬೇಕಾಗುತ್ತದೆ.

ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಸಹೋದರರು 1873ರಲ್ಲಿ ಶಿಕಾಗೋದಲ್ಲಿ ಕಂಪೆನಿ ಕಟ್ಟಿ, 1883ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಆಗ ಅದು ಶಿಶುಗಳ ಮತ್ತು ರೋಗಿಗಳ ಆಹಾರವಾಗಿತ್ತು. ಆದರೆ ಅಮೆರಿಕನ್ನರು ಬೇಗನೆ ಅದನ್ನು ಐಸ್‌ಕ್ರೀಮಿನೊಂದಿಗೆ ಕಡೆದು ಕುಡಿಯತೊಡಗಿದರು. ಇಂದಿಗೂ ಅಲ್ಲಿ ‘ಮಾಲ್ಟ್’ ಎಂದರೆ ತಣ್ಣಗಿನ ಮಿಲ್ಕ್‌ಶೇಕ್. ಹಾಂಗ್‌ಕಾಂಗಿನ ಚಹಾ ಅಂಗಡಿಗಳಲ್ಲಿ ಬಿಸಿಯಾಗಿಯೂ ಮಂಜುಗಡ್ಡೆ ಹಾಕಿಯೂ ಕೊಡುತ್ತಾರೆ, ವಯಸ್ಸಿನ ಪ್ರಶ್ನೆಯೇ ಇಲ್ಲ.

ಬ್ರಿಟನ್ನಿನ ಕತೆಯೇ ಬೇರೆ. ಅಲ್ಲಿ ಹಾರ್ಲಿಕ್ಸ್ ಎಂದರೆ ಮಲಗುವ ಮುನ್ನ ವಯಸ್ಸಾದವರು ಕುಡಿಯುವ ಬೆಚ್ಚನೆಯ ಪೇಯ. 1930ರ ದಶಕದ ಜಾಹೀರಾತುಗಳು ‘ರಾತ್ರಿಯ ಉಪವಾಸ’ ಎಂಬ ರೋಗವನ್ನೇ ಸೃಷ್ಟಿಸಿ, ಅದಕ್ಕೆ ಇದೇ ಮದ್ದೆಂದು ನಂಬಿಸಿದವು. ಅಲ್ಲಿನ ಆಡುಮಾತಿನಲ್ಲಿ ಈ ಪದಕ್ಕೆ ‘ಎಡವಟ್ಟು’ ಎಂಬ ಅರ್ಥವೂ ಇದೆ: 2003ರಲ್ಲಿ ವಿದೇಶಾಂಗ ಸಚಿವರಾಗಿದ್ದ ಜ್ಯಾಕ್ ಸ್ಟ್ರಾ, ಇರಾಕ್ ಕುರಿತ ಸರಕಾರಿ ಕಡತವೊಂದನ್ನು ‘ಪೂರಾ ಹಾರ್ಲಿಕ್ಸ್’ ಎಂದು ಕರೆದಿದ್ದರು. ನಮ್ಮ ಕಿವಿಗೆ ಇದು ಹೊಗಳಿಕೆಯಂತೆ ಕೇಳಿಸೀತು.

ಭಾರತಕ್ಕೆ ಇದನ್ನು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ತಂದರೆಂದು ಹೇಳುತ್ತಾರೆ. 1960ರಲ್ಲಿ ಪಂಜಾಬಿನ ನಾಭಾದಲ್ಲಿ ಎಮ್ಮೆ ಹಾಲಿನಿಂದ ತಯಾರಿಕೆ ಶುರುವಾಯಿತು. ಇಲ್ಲಿ ಅದು ನಿದ್ದೆಯದಲ್ಲ, ಬೆಳವಣಿಗೆಯ ಪೇಯ. ಇಂಗ್ಲಿಷರು ನಿದ್ದೆ ಬರಲೆಂದು ಕುಡಿಯುವ ಪುಡಿಯನ್ನೇ ನಾವು, ಶಾಲೆಯಲ್ಲಿ ಮಗು ತೂಕಡಿಸದಿರಲೆಂದು ಬೆಳಿಗ್ಗೆ ಕುಡಿಸುತ್ತೇವೆ. ಎರಡು ನಂಬಿಕೆಗಳಿಗೂ ಪುಡಿಗಿಂತ ಜಾಹೀರಾತಿನ ಬಲವೇ ಹೆಚ್ಚೆಂದು ನನಗೆ ತೋರುತ್ತದೆ. ‘ಹೆಲ್ತ್ ಡ್ರಿಂಕ್’ ಎಂಬ ಹೆಸರಿಗಂತೂ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂಥ ಪೇಯಗಳನ್ನು ಆ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು.

ರೋಗಿಯ ಆಹಾರವೆಂಬ ಹಳೆಯ ಅರ್ಥ ಮಾತ್ರ ಕರಾವಳಿಯಲ್ಲಿ ಉಳಿದಿದೆ. ಮಂಗಳೂರಿನ ಆಸ್ಪತ್ರೆಗಳಿಗೆ ನೋಡಲು ಹೋಗುವವರ ಚೀಲದಲ್ಲಿ ಮೂಸಂಬಿಯ ಜೊತೆ ಒಂದು ಹಾರ್ಲಿಕ್ಸ್ ಇದ್ದರೆ, ಬಂದ ಕಾರಣವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಪುಡಿ ಮುಗಿದ ಮೇಲೆ ಆ ಗಾಜಿನ ಕುಪ್ಪಿ ಅಡುಗೆಮನೆಯಲ್ಲಿ ಅಳತೆಯಾಗುತ್ತದೆ: ನೆರೆಮನೆಯಿಂದ ಈ ಸಲ ಬಂದ ಮಾವಿನ ಮಿಡಿ ಎಷ್ಟೆಂದು ಕೇಳಿದರೆ, ‘ಒಂದು ಹಾರ್ಲಿಕ್ಸ್ ಕುಪ್ಪಿಯಷ್ಟು’ ಎಂದೇ ಉತ್ತರ.